ಅಧ್ಯಕ್ಷರ ಜ್ವರ, ಆರಿನ್‌ನ ಜ್ವರ

೧೮೮೧, ಜುಲೈ ೧೧, ಸೋಮವಾರ

ಬೆಳಿಗ್ಗೆ ಏಳಕ್ಕೇ ಸ್ಟೇಷನ್ನಿನಲ್ಲಿ ನನ್ನ ತಂತಿ ಕೋಣೆ ಮುಂದೆ ಜನ. ಅಧ್ಯಕ್ಷರಿಗೆ ಗುಂಡು ಬಿದ್ದು ಇವತ್ತಿಗೆ ಒಂಬತ್ತು ದಿನ. ವಾಷಿಂಗ್ಟನ್ನಿನಿಂದ ವೈದ್ಯರ ವರದಿ ಬಂತು. ನಾಡಿ ಇಷ್ಟು, ಜ್ವರ ಇಷ್ಟು. ಬರೆದುಕೊಂಡು ಕಿಟಕಿಯಲ್ಲಿ ನಿಂತು ಓದಿದೆ. ಅಂಗಡಿಯ ಪೊಮೆರಾಯ್ ಟೋಪಿ ತೆಗೆದ.

"ಜ್ವರದ್ದು ಇನ್ನೊಂದ್ಸಲ ಓದಮ್ಮ ಲವೀನಿಯ."

ಓದಿದೆ.

ಗುಂಡು ಬಿದ್ದ ಆ ಶನಿವಾರವೇ, ಗೂಡ್ಸ್ ರೈಲಿನಲ್ಲಿ ಬ್ರೇಕ್ ಹಾಕುವ ನನ್ನ ತಮ್ಮ ಆರಿನ್ ಡಬ್ಬಿ ಜೋಡಿಸುವಾಗ ಕಾಲು ಜಜ್ಜಿಕೊಂಡದ್ದು. ಅವನ ಜ್ವರ ಎಷ್ಟು ಅಂತ ಕೇಳಿದವರಿಲ್ಲ.

ಮನೆಗೆ ಬಂದರೆ ಅವನದೇ ಕುಚೋದ್ಯ— "ಬಾರಕ್ಕಾ. ನಮ್ಮ ಜೊತೆಗಾರ ಅಧ್ಯಕ್ಷರು ಹೇಗಿದಾರೆ? ಇಬ್ಬರಲ್ಲಿ ಯಾರು ಮೊದಲು ಎದ್ದು ಓಡಾಡ್ತೀವೋ, ಪಂದ್ಯ ಕಟ್ತೀಯಾ?"

ಅವನ ಹೆಂಡತಿ ಥರ್ಜಾ ಗದರಿದಳು. ಅವಳಿಗೆ ಏಳು ತಿಂಗಳು.

ಜುಲೈ ೨೬

ಗಾಯ ನಾರುತ್ತಿದೆ. ಕಾಲು ತೆಗೆಯಲೇಬೇಕು ಅಂದರು ಡಾಕ್ಟರು. ಆರಿನ್ ಒಪ್ಪಲಿಲ್ಲ.

"ಒಂಟಿ ಕಾಲಲ್ಲಿ ಓಡೋ ಗಾಡಿ ಮೇಲೆ ನಿಂತು ಬ್ರೇಕ್ ಚಕ್ರ ತಿರುಗಿಸ್ಲಾ ಡಾಕ್ಟ್ರೇ? ಆಗಲ್ಲ."

ತೆಗೆಸಿಕೊಳ್ಳಿ ಅಂತ ಥರ್ಜಾ ಕೈಮುಗಿದಳು. ನಾನು... ಅವನ ಪರ ಮಾತಾಡಿದೆ. ಸ್ವಲ್ಪ ದಿನ ನೋಡೋಣ ಅಂದೆ.

ಆಗಸ್ಟ್ ೧೪, ಭಾನುವಾರ

ಚರ್ಚಿನಲ್ಲಿ ಅಧ್ಯಕ್ಷರಿಗಾಗಿ ಕಾಲು ಗಂಟೆ ಪ್ರಾರ್ಥನೆ. ಆರಿನ್‌ನ ಹೆಸರು ಬರುತ್ತದೇನೋ ಅಂತ ಥರ್ಜಾ ನನ್ನ ಕೈ ಹಿಡಿದು ಕಾದಳು. ಪಾದ್ರಿ "ಆಮೆನ್" ಅನ್ನಲು ಬಾಯಿ ತೆರೆದರು. ಎದ್ದು ನಿಂತೆ.

"ಆರಿನ್ ಟಟಲ್. ಅವನಿಗೂ ಹುಷಾರಿಲ್ಲ."

ಎಲ್ಲರೂ ತಿರುಗಿ ನೋಡಿದರು. ಪಾದ್ರಿ ಸೇರಿಸಿಕೊಂಡರು, ಪಾಪ.

ಆಗಸ್ಟ್ ೨೯, ಸೋಮವಾರ

ಬೆಳಿಗ್ಗೆ ಐದೂವರೆಗೆ ಆರಿನ್ ಹೋಗಿಬಿಟ್ಟ. ಕಾಲು ತೆಗೆದುಬಿಡಿ ಅಂತ ಮೊನ್ನೆ ತಾನೇ ಕೇಳಿದ್ದ. ಡಾಕ್ಟರು ತಡವಾಯಿತು ಅಂದಿದ್ದರು.

ನನ್ನ ಬದಲಿಗೆ ಕೂರುವವರಿಲ್ಲ. ಎಂಟಕ್ಕೆ ತಂತಿ ಕೋಣೆಗೆ ಹೋದೆ. ವರದಿ: ಅಧ್ಯಕ್ಷರು ಸುಧಾರಿಸಿದ್ದಾರೆ. ಓದಿದೆ. ಟೋಪಿಗಳು ಹಾರಿದವು. ಪೊಮೆರಾಯ್ ಖುಷಿಗೆ ಅತ್ತುಬಿಟ್ಟ.

"ನೀನೂ ಒಂಚೂರು ನಗಮ್ಮ, ಇವತ್ತಾದ್ರೂ!"

ಅವನಿಗೆ ಗೊತ್ತಿರಲಿಲ್ಲ. ಹೇಳಿದೆ. ಒಬ್ಬೊಬ್ಬರೇ ಪ್ಲಾಟ್‌ಫಾರ್ಮ್ ಇಳಿದುಹೋದರು.

ಸೆಪ್ಟೆಂಬರ್ ೨೦, ಮಂಗಳವಾರ. ಬೆಳಿಗ್ಗೆ

ಅಧ್ಯಕ್ಷರೂ ಹೋದರು. ನಿನ್ನೆ. ಬೆಳಕು ಹರಿದಾಗಿನಿಂದ ಚರ್ಚಿನ ಗಂಟೆ ನಿಂತಿಲ್ಲ. ಪೊಮೆರಾಯ್ ಅಂಗಡಿಯಲ್ಲಿ ಶೋಕಕ್ಕೆ ಕಟ್ಟುವ ಕಪ್ಪು ಬಟ್ಟೆ ಒಂದು ಗೇಣೂ ಉಳಿದಿಲ್ಲ. ಬೀದಿಯಲ್ಲಿ ಜನ ತಬ್ಬಿಕೊಂಡು ಅಳುತ್ತಿದ್ದರು. ನಾನೂ ಅತ್ತೆ. ಯಾರಿಗಾಗಿ ಅಂತ ಯಾರೂ ಕೇಳಲಿಲ್ಲ.

ಮನೆಯಿಂದ ಕರೆ ಬಂತು— ಥರ್ಜಾಗೆ ನೋವು ಶುರುವಾಗಿದೆ.

ಅದೇ ದಿನ, ಸಂಜೆ ಐದು

ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ.

"ಗಂಡಾಗಿದ್ರೆ ಅಧ್ಯಕ್ಷರ ಹೆಸರೇ ಇಡಬಹುದಿತ್ತು" ಅಂದಳು ಸೂಲಗಿತ್ತಿ. ಥರ್ಜಾ ಗೋಡೆ ಕಡೆ ತಿರುಗಿದಳು. ಸೂಲಗಿತ್ತಿ ಹೋದ ಮೇಲೆ ಕೇಳಿದಳು—

"ನನ್ನ ಹತ್ರ ಅವರು ಬರೀ ಗಂಡು ಹೆಸರೇ ಹೇಳ್ತಿದ್ರು. ನಿಮ್ಮ ಹತ್ರ ಯಾವತ್ತಾದ್ರೂ ಹೆಣ್ಣು ಹೆಸರು ಹೇಳಿದ್ರಾ ಅಕ್ಕಾ?"

ಹೇಳಿದ್ದ ಅಂದೆ. ಹೇಳಿರಲಿಲ್ಲ. ಆ ಮಾತೇ ಬಂದಿರಲಿಲ್ಲ.

"ಏನಂತ?"

"ರೋಯೆನಾ." ಬಾಯಿಗೆ ಬಂದದ್ದು.

ಅವನು ಹೋದ ಮೇಲೆ ಅವಳು ನಕ್ಕದ್ದು ಇವತ್ತೇ. ಮಗುವನ್ನು ಎದೆಗೊತ್ತಿಕೊಂಡು ಅದೇ ಹೆಸರು ಕರೆಯುತ್ತಿದ್ದಾಳೆ, ಮತ್ತೆ ಮತ್ತೆ. ಅಡುಗೆಮನೆಗೂ ಕೇಳಿಸುತ್ತಿದೆ.

ಆರಿನ್, ನಿನ್ನ ಮನಸ್ಸಿನಲ್ಲಿ ಬೇರೆ ಹೆಸರೇನಾದರೂ ಇದ್ದಿದ್ದರೆ—