ಮುಂದಿನ ಚಕ್ರದ ನಿಂಬೆಹಣ್ಣು

ಭಾನುವಾರ, 9 ಮಾರ್ಚ್ 2025. ಚಾಮರಾಜಪೇಟೆ

ಮಕ್ಕಳಿಗೆ ಯಾಕೆ ಸುಳ್ಳು ಹೇಳಿದೆ ಅಂತ ಬೆಳಿಗ್ಗೆಯಿಂದ ಕೊರೀತಿದೆ.

ನಮ್ಮ ಬೀದಿಯ ಎಂಟನೇ ಕ್ಲಾಸಿನ ಮಕ್ಕಳಿಗೆ ಅಣ್ಣನ ಕಾರಲ್ಲೇ ರಿಪೇರಿ ಪಾಠ ಮಾಡ್ತಿದೀನಿ. ಆಯಿಲ್ ನೋಡೋದು, ರೇಡಿಯೇಟರಿಗೆ ನೀರು ಹಾಕೋದು ಮುಗೀತು. ಇವತ್ತು ಟೈರು. ಹರ್ಷಿತಾ ನೆಲಕ್ಕೆ ಬಗ್ಗಿ, "ಅಂಕಲ್, ಇಲ್ಲಿ ನಿಂಬೆಹಣ್ಣಿದೆ" ಅಂದಳು.

ಇರುತ್ತೆ. ಹೋದ ಆಯುಧಪೂಜೆಯದು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಅದರ ಮೇಲೆ ಗಾಡಿ ಹತ್ತಿಸೋಕೆ ಅಂತ ಸೀಟಲ್ಲಿ ಕೂತ ಅಣ್ಣ, ಕೀ ತಿರುಗಿಸೋ ಮೊದಲೇ ಎದೆ ಹಿಡ್ಕೊಂಡು ಅಲ್ಲೇ ಹೋಗ್ಬಿಟ್ಟ. ಕಾರ್ಯ ಮುಗಿದ ಮೇಲೆ ಬ್ಯಾಟರಿ ಬಿಚ್ಚಿ ಒಳಗಿಟ್ಟೆ. ನಿಂಬೆಹಣ್ಣು ತೆಗೆಯೋಕೆ ಮನಸ್ಸು ಬರಲಿಲ್ಲ.

ಮೂರು ಒಣಗಿ ಕಲ್ಲಾಗಿವೆ. ಡ್ರೈವರ್ ಕಡೆಯ ಮುಂದಿನ ಚಕ್ರದ್ದು ಮಾತ್ರ ಅಪ್ಪಚ್ಚಿಯಾಗಿತ್ತು. ರಸ ಇನ್ನೂ ಹಸಿ, ಟೈರಿಗೂ ಮೆತ್ತಿಕೊಂಡಿತ್ತು.

"ನಿನ್ನೆ ಗಾಡಿ ತೆಗೆದ್ರಾ?" ಅಂತ ಕೇದಾರ್ ಕೇಳಿದ.

"ಹೂಂ, ಒಂಚೂರು ಮುಂದೆ ತಗೊಂಡೆ."

"ಹಂಗಾದ್ರೆ ನಾಲ್ಕೂ ಒಡೀಬೇಕಿತ್ತಲ್ವಾ ಅಂಕಲ್?"

ಗಾಳಿ ಚೆಕ್ ಮಾಡೋಣ ಅಂತ ಮಾತು ಮರೆಸಿದೆ.

ಕಾರು ನಿಲ್ಲಿಸಿರೋ ಶೆಡ್ಡಿನ ಬೀಗದ ಕೈ ನನ್ನ ಹತ್ತಿರ ಬಿಟ್ಟು ಬೇರೆಯವರ ಹತ್ತಿರ ಇಲ್ಲ. ಬ್ಯಾಟರಿ ಮಂಚದ ಕೆಳಗೇ ಇದೆ, ಈಗಷ್ಟೇ ನೋಡಿದೆ. ಹೆದರಿಕೆಗಿಂತ ನಾಚಿಕೆ ಜಾಸ್ತಿ ಆಗ್ತಿದೆ. ಐದು ತಿಂಗಳು ಅವನ ಪೂಜೆನ ಅರ್ಧಕ್ಕೇ ಬಿಟ್ಟಿದೀನಿ. ನಾಳೆ ಬ್ಯಾಟರಿ ಹಾಕಿ ನಾನೇ ಗಾಡಿ ಮುಂದೆ ತಗೋಬೇಕು.

ಆದರೆ ಕೂರೋಕೆ ಮೊದಲು ಆ ಸೀಟು ಖಾಲಿ ಇದೆಯಾ ಅಂತ ಯಾರನ್ನ ಕೇಳಲಿ?