ಸೀಲಿಂಗಿನ ಮೇಲಿನ ಕೆಂಪು ಅಂಕಿ

ಜನವರಿ 19, ಮಂಗಳವಾರ

ನಮ್ಮ ಗುಬ್ಬಿಗೆ, ದೊಡ್ಡಮ್ಮ ತಲೆ ಸವರಿ ಮಾಡುವ ಆಶೀರ್ವಾದ.

ನೀನು ಕಳಿಸಿದ ಗಡಿಯಾರ ಬಂದು ಎಷ್ಟೋ ದಿನ ಆಯ್ತು, ತಲುಪಿತು ಅಂತ ಒಂದು ಮಾತೂ ತಿಳಿಸಲಿಲ್ಲ. ಸಿಟ್ಟಾಗಿರ್ತೀಯ. ಆಗು, ನನ್ನ ಮೇಲೆ ಸಿಟ್ಟಾಗೋಕೆ ಜನಕ್ಕೇನು ಬರವಿಲ್ಲ. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಹೇಗೆ ಮಾಡಲಿ? ಅಮ್ಮನ ಮನೆ ಪಾಲಾದಾಗ ನಡುವೆ ನಿಲ್ಲಿಸಿದ್ದು ಪ್ಲೈವುಡ್ ಗೋಡೆ. ಈ ಕಡೆ ನಾನು ಸೀನಿದ್ರೆ ಆ ಕಡೆ ನಿನ್ನಮ್ಮ ಪಾತ್ರೆ ಕುಕ್ಕುತ್ತಾಳೆ. ಅವಳ ಮಗಳ ಜೊತೆ ನಾನೇನು ಮಾತಾಡ್ತೀನಿ ಅಂತ ಕಿವಿ ಕೊಟ್ಟು ಕೂತಿರ್ತಾಳೆ. ಅದಕ್ಕೇ ಪತ್ರ ಬರೀತಿದ್ದೀನಿ.

ಮೊದಲು ಗಡಿಯಾರದ ಸಮಾಚಾರ. ಸೂಚನೆ ಪುಸ್ತಕ ಪೂರ್ತಿ ಓದಿದೆ. ನಿನ್ನಮ್ಮನ ಹಾಗೆ ಪೆಟ್ಟಿಗೆ ಜೊತೆ ಮೂಲೆಗೆ ತಳ್ಳೋಳಲ್ಲ ನಾನು. ವೈರ್ ಚುಚ್ಚಿ, ಪಕ್ಕದ ಕೊಳವೆ ಮೇಲಕ್ಕೆ ತಿರುಗಿಸಿದ ಕೂಡಲೇ ಸೀಲಿಂಗ್ ಮೇಲೆ ಕೆಂಪಗೆ ಟೈಮ್ ಬಂತು, ಆದ್ರೆ ತಲೆಕೆಳಗಾಗಿ. ದಿಂಬನ್ನ ಕಾಲ ಕಡೆ ಹಾಕ್ಕೊಂಡು ಮಲಗಿ ನೋಡಿದೆ. ಆಮೇಲೆ ಗೊತ್ತಾಯ್ತು, ಅಂಕಿ ತಿರುಗಿಸೋಕೆ ಒಂದು ಗುಂಡಿನೇ ಇದೆಯಂತೆ. ನಗಬೇಡ. ಇನ್ನು ಹೊರಗಡೆ ಇಟ್ಟು ಚಳಿ-ಬಿಸಿಲು ಅಳೆಯೋ ಸೆನ್ಸರ್, ಅದೇ ಆ ಬಿಳೀ ಸೋಪಿನ ಡಬ್ಬಿಯಂಥದ್ದು, ಅದರ ಮುಚ್ಚಳಕ್ಕೆ ಎಂಥಾ ಸಣ್ಣ ಸ್ಕ್ರೂ ಕಣೇ! ಹೊಲಿಗೆ ಬಿಚ್ಚೋ ಕತ್ತರಿ ತುದೀಲಿ ತಿರುಗಿಸಿ ತಿರುಗಿಸಿ ಬೆರಳು ಬಾತುಹೋಯ್ತು. ತಮಾಷೆ ಏನಂದ್ರೆ, ನಾನು ಅದಕ್ಕೆ ಬ್ಯಾಟರಿ ಹಾಕೋಕೆ ಮುಂಚೇನೇ ಗಡಿಯಾರ ಡಿಗ್ರಿ ತೋರಿಸೋಕೆ ಶುರು ಮಾಡಿತು. ಪರವಾಗಿಲ್ಲ, ಬುದ್ಧಿವಂತ ಯಂತ್ರ ಅಂದ್ಕೊಂಡೆ. ಬಿಸಿಲು ಬೀಳಬಾರದು, ನೀರು ತಾಗಬಾರದು ಅಂತ ಪುಸ್ತಕದಲ್ಲಿ ಇದ್ದದ್ದಕ್ಕೆ ಕಿಟಕಿ ಹೊರಗೆ ಸಜ್ಜಾ ಕೆಳಗೆ ದಾರ ಕಟ್ಟಿ ಇಳಿಬಿಟ್ಟೆ.

ಈಗ ಕೇಳು ಅದರ ಬುದ್ಧಿವಂತಿಕೆ. ಬೆಳಗ್ಗೆ ಬೀದೀಲಿ ಜನ ಬಾಯಿಂದ ಹೊಗೆ ಬಿಡ್ತಾ ಓಡ್ತಿದ್ದಾರೆ, ಸೀಲಿಂಗ್ ಮೇಲೆ ಮೂವತ್ತಮೂರು ಡಿಗ್ರಿ! ನಂಬಿ ಸ್ವೆಟರ್ ಹಾಕದೆ ಒಬ್ಬ ವಕೀಲರ ಮನೆಗೆ ಕರ್ಟನ್ ಅಳತೆಗೆ ಹೋದೆ. ಹಲ್ಲು ಕಟಕಟ ಅಂತಿದ್ರೆ ಟೇಪ್ ಹಿಡಿಯೋ ಕೈ ನಿಲ್ಲುತ್ತಾ? ವಕೀಲರ ಹೆಂಡತಿ "ಜ್ವರವೇನಮ್ಮಾ?" ಅಂದ್ರು. ಮಧ್ಯಾಹ್ನ ಹೊರಗೆ ಹಿತವಾದ ಬಿಸಿಲು, ಆಗ ಇದು ಇಪ್ಪತ್ತು ಅನ್ನುತ್ತೆ. ಬೆಳಗ್ಗೆ ಬೇಸಿಗೆ, ಮಧ್ಯಾಹ್ನ ಚಳಿಗಾಲ. ನಿನಗೆ ಮಾರಿದವನು ಟೋಪಿ ಹಾಕಿದ್ದಾನೆ.

ಅದಿರಲಿ. ಫೆಬ್ರವರಿ ಮೊದಲ ಭಾನುವಾರ ಬಂದು ನಿನ್ನಮ್ಮನ್ನ ಕರ್ಕೊಂಡು ಹೋಗ್ತೀಯಂತೆ. ಮೂರು ಮಹಡಿ ಹತ್ತೋಕೆ ಅವಳ ಮಂಡಿ ಕೇಳಲ್ಲ, ನೀನು ಮಾಡ್ತಿರೋದು ಸರಿ. ಆದರೆ ಈ ಸುದ್ದಿ ನನಗೆ ಹೇಳಿದ್ದು ಅವಳಲ್ಲ, ಅವಳು ಮನೇಲಿ ಮಾಡಿಕೊಡೋ ಬಿಸ್ಕತ್ತು ಮಾರ್ತಾನಲ್ಲ ಆ ಕೆಳಗಿನ ಅಂಗಡಿಯವನು. ಒಡಹುಟ್ಟಿದವಳು ಮನೆ ಬಿಡ್ತಾಳೆ ಅನ್ನೋದನ್ನ ಅಂಗಡಿಯವನ ಬಾಯಿಂದ ಕೇಳಬೇಕು ನಾನು! ಅಮ್ಮ ಹೋದ ವಾರದಲ್ಲೇ ಅಮ್ಮನ ಮಂಚ, ಹಾಸಿಗೆ, ಸ್ವೆಟರು ಎಲ್ಲಾನೂ ನನ್ನನ್ನ ಒಂದು ಮಾತೂ ಕೇಳದೆ ಯಾರಿಗೋ ಕೊಟ್ಟು ಕೈ ತೊಳ್ಕೊಂಡವಳು ಅವಳು. ಅಮ್ಮ ಹಾಸಿಗೆ ಹಿಡಿದಷ್ಟು ಕಾಲ ಉಣ್ಣಿಸಿ, ತೊಳೆದು, ಮಗ್ಗುಲು ತಿರುಗಿಸಿದ್ದು ನಾನು. ಅವತ್ತು ನಿಂತ ಮಾತು ಮೂರು ವರ್ಷ ಆದ್ರೂ ಹಾಗೇ ಇದೆ. ಹೋಗೋಕೆ ಮುಂಚೆ ಅವಳಾಗಿ ಬಂದು ಒಂದು ಮಾತಾಡ್ತಾಳಾ ಅಂತ ಕಾಯ್ತಿದ್ದೀನಿ. ನಾನಂತೂ ಮೊದಲು ಬಾಯಿ ಬಿಡಲ್ಲ. ದೊಡ್ಡೋಳು ನಾನು.

ಆದ್ರೆ ಕೂತಲ್ಲಿ ಕೂರೋಕಾಗ್ತಿಲ್ಲ ಗುಬ್ಬಿ, ನಿಂತಲ್ಲಿ ನಿಲ್ಲೋಕಾಗ್ತಿಲ್ಲ. ನಿನ್ನೆ ಹೋಟೆಲಿನವರ ಕರ್ಟನ್ನಿಗೆ ಹೂವೆಲ್ಲ ತಲೆಕೆಳಗಾಗಿ ಬರೋ ಹಾಗೆ ಹೊಲಿದು, ಸಂಜೆವರೆಗೂ ಕೂತು ಬಿಚ್ಚಿದೆ.

ಹೊತ್ತು ಹೊತ್ತಿಗೆ ಊಟ ಮಾಡು. ಆ ಹಲ್ಲಿನ ಡಾಕ್ಟರ ಹತ್ತಿರ ಕೆಲಸದಲ್ಲಿ ನಿಂತು ನಿಂತು ಕಾಲು ಕೆಡಿಸ್ಕೋಬೇಡ, ಸ್ಟೂಲ್ ಕೇಳು.

ನಿನ್ನ ದೊಡ್ಡಮ್ಮ

ಮರೆತಿದ್ದೆ: ಗಡಿಯಾರ ಬದಲಾಯಿಸಿ ಕೊಡ್ತಾನಾ ಅಂತ ಆ ಮಾರಿದವನನ್ನ ಕೇಳು.


ಜನವರಿ 27, ಬುಧವಾರ

ಗುಬ್ಬಿ ಮರಿ,

ಮಾರಿದವನಿಗೆ ಏನೂ ಹೇಳಬೇಡ. ಬೈದಾಗಿದ್ರೆ ನನ್ನ ಲೆಕ್ಕದಲ್ಲಿ ಕ್ಷಮೆ ಕೇಳು. ಗಡಿಯಾರದ್ದು ಏನೂ ತಪ್ಪಿಲ್ಲ.

ಮೊನ್ನೆ ಬೆಳಗ್ಗೆ ಎಚ್ಚರವಾಗಿ ಹಾಗೇ ಅಂಗಾತ ಬಿದ್ಕೊಂಡಿದ್ದೆ. ಅಂಕಿ ಏರ್ತಾ ಇತ್ತು. ಇಪ್ಪತ್ತೆರಡು, ಇಪ್ಪತ್ತಾರು. ಮೂವತ್ತು ಆಗೋ ಹೊತ್ತಿಗೆ ಗೋಡೆ ಸಂದಿಯಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ ಘಮ್ ಅಂತು. ಎದ್ದು ಕೂತೆ. ಮಾರನೇ ದಿನಾನೂ ಅಷ್ಟೇ, ಆ ಕಡೆ ಓವನ್ ಬಾಗಿಲು ಧಡ್ ಅಂದಿದ್ದೇ ತಡ, ಈ ಕಡೆ ಸೀಲಿಂಗ್ ಮೇಲೆ ಅಂಕಿ ಏರೋಕೆ ಶುರು. ಆಗ ಮತ್ತೆ ಪುಸ್ತಕ ತೆಗೆದೆ. ಕೊನೇ ಹಾಳೇಲಿ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ: ಅಕ್ಕಪಕ್ಕ ಇಂಥ ಎರಡು ಗಡಿಯಾರ ಇದ್ರೆ, ಸೆನ್ಸರ್ ಒಳಗಿನ ಒಂದು-ಎರಡು-ಮೂರು ಅನ್ನೋ ಗುಂಡೀನ ಬೇರೆ ಬೇರೆ ನಂಬರಿಗೆ ಇಡಿ, ಇಲ್ಲಾಂದ್ರೆ ಒಂದರ ಸೆನ್ಸರನ್ನ ಇನ್ನೊಂದು ಹಿಡಿಯುತ್ತೆ ಅಂತ.

ಗೊತ್ತಾಯ್ತಾ? ಭೇದಭಾವ ಮಾಡಬಾರದು ಅಂತ ನೀನು ಇಬ್ಬರಿಗೂ ಒಂದೇ ಥರದ್ದು ಕಳಿಸಿದೆ. ಬೇರೆ ಮನೇಲಾಗಿದ್ರೆ ಅಕ್ಕ ತಂಗಿ ಒಟ್ಟಿಗೆ ಕೂತು ಜೋಡಿಸ್ತಿದ್ರು. ನಾವು ಗೋಡೆ ಆಚೆ ಒಬ್ಬಳು, ಈಚೆ ಒಬ್ಬಳು ಮುಖ ಗಂಟು ಹಾಕ್ಕೊಂಡು ಜೋಡಿಸಿದ್ವಿ. ನಾನು ಸ್ಕ್ರೂ ಬಿಚ್ಚೋಷ್ಟರಲ್ಲಿ ನನ್ನ ಗಡಿಯಾರ ನಿನ್ನಮ್ಮನ ಸೆನ್ಸರನ್ನ ಹಿಡ್ಕೊಂಡುಬಿಟ್ಟಿದೆ. ಆ ಮಹಾತಾಯಿ ಅದನ್ನ ಹೊರಗಡೆ ಇಟ್ಟಿದ್ದಾಳಾ? ಇಲ್ಲ. ಅಡುಗೆಮನೆ ಶೆಲ್ಫ್ ಮೇಲೆ, ಓವನ್ ಪಕ್ಕ ಇಟ್ಟಿರಬೇಕು. ಪುಸ್ತಕ ಓದಿದ್ರೆ ತಾನೇ!

ನನ್ನ ಸೆನ್ಸರನ್ನ ಎರಡನೇ ನಂಬರಿಗೆ ತಳ್ಳಿದ್ರೆ ಮುಗೀತು. ಕತ್ತರಿ ಕೈಗೂ ತಗೊಂಡೆ. ಆಮೇಲೆ ಹಾಗೇ ಇಟ್ಟೆ.

ಏನು ಹೇಳಲಿ, ಈಗ ಅದೇ ಒಂದು ಚಟ ಆಗಿದೆ. ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದ ಅನ್ನೋ ಹಾಗೆ, ಕರ್ಟನ್ ರಾಶಿ ಬಿದ್ದಿದ್ರೂ ಹಗಲಲ್ಲೂ ಕಿಟಕಿ ಮುಚ್ಚಿ ಕತ್ತಲೆ ಮಾಡ್ಕೊಂಡು ಸೀಲಿಂಗ್ ನೋಡ್ತೀನಿ. ಒಂದು ಡಿಗ್ರಿ ಏರಿದ್ರೆ ಚಹಾಕ್ಕಿಟ್ಟಳು ಅಂತ ಲೆಕ್ಕ. ಮೂರು ಏರಿದ್ರೆ ಅಡುಗೆ. ನಿನ್ನೆ ಮಧ್ಯಾಹ್ನ ಏರಲೇ ಇಲ್ಲ, ಬೆಳಗಿನದ್ದೇ ತಣ್ಣಗೆ ತಿಂದಳೋ ಏನೋ. ಅವಳಿಗೆ ಒಬ್ಬಳೇ ಊಟಕ್ಕೆ ಕೂರೋದು ಚಿಕ್ಕಂದಿನಿಂದಲೂ ಆಗಲ್ಲ. ಇದನ್ನೆಲ್ಲ ನೋಡಿ ನಾನು ಏನು ಮಾಡ್ಬೇಕು ಹೇಳು? ಎದ್ದು ಓಡಾಡ್ತೀನಿ, ಬಾಗಿಲವರೆಗೆ ಹೋಗ್ತೀನಿ, ಚಿಲಕ ಮುಟ್ಟಿ ವಾಪಸ್ ಬರ್ತೀನಿ.

"ದೊಡ್ಡಮ್ಮ, ನೀವೇ ಒಂದು ಸಲ ಬಾಗಿಲು ತಟ್ಟಿಬಿಡಿ, ಅಮ್ಮ ಕಾಯ್ತಿದ್ದಾಳೆ" ಅಂತ ಬರೆದಿದ್ದೀಯ. ಕಾಯ್ತಿರೋಳಿಗೆ ಬಾಯಿಲ್ವಾ? ಬಾಗಿಲು ಎರಡು ಕಡೆಯಿಂದಲೂ ತಟ್ಟಬಹುದು.

ಮೈ ಕಡೆ ನಿಗಾ ಇರಲಿ. ಬೆಚ್ಚಗಿರು.

ನಿನ್ನ ದೊಡ್ಡಮ್ಮ

ಇನ್ನೊಂದು: ನಿನ್ನಮ್ಮನಿಗೆ ಸೆನ್ಸರ್ ವಿಷಯ ಹೇಳಿದೆಯೋ, ನೋಡು, ನಾನು ಮನುಷ್ಯಳಲ್ಲ.


ಫೆಬ್ರವರಿ 1, ಸೋಮವಾರ

ಗುಬ್ಬಿ,

ಇದನ್ನ ಕೊರಿಯರ್‌ನಲ್ಲಿ ಕಳಿಸ್ತಿದ್ದೀನಿ, ಓದಿ ಗಾಬರಿ ಆಗಬೇಡ. ಎಲ್ಲ ನೆಟ್ಟಗಿದೆ. ಇವತ್ತು ಬೆಳಗ್ಗೆ ಆಗಿದ್ದು ಹೇಳ್ತೀನಿ.

ಎದ್ದು ನೋಡ್ತೀನಿ, ಸೀಲಿಂಗ್ ಮೇಲೆ ಒಂಬತ್ತು ಡಿಗ್ರಿ. ಅವಳ ಅಡುಗೆಮನೆ ಎಷ್ಟೇ ಚಳಿ ಇರಲಿ ಹದಿನೆಂಟಕ್ಕಿಂತ ಕೆಳಗೆ ಇಳಿದಿದ್ದು ನಾನು ಕಂಡಿಲ್ಲ. ಓವನ್ ಹಚ್ಚಿದ ಮೇಲೆ ಏರುತ್ತೆ ಅಂತ ಕಾದೆ. ಓವನ್ ಸದ್ದಿಲ್ಲ. ವಾಸನೆ ಇಲ್ಲ. ಪಾತ್ರೆ ಸದ್ದೂ ಇಲ್ಲ. ಬೆಳಕು ಹರೀತು, ಬೀದೀಲಿ ಹಾಲಿನ ಗಾಡಿ ಬಂದು ಹೋಯ್ತು, ಒಂಬತ್ತು ಒಂಬತ್ತೇ. ಮಂಡಿ ಕೈಕೊಟ್ಟು ರಾತ್ರಿ ಬಿದ್ದಳೋ, ಕಿಟಕಿ ತೆಗೆದಿದ್ದು ತೆಗೆದ ಹಾಗೇ ಇದೆಯೋ, ನೆಲದ ಮೇಲೆ ತಣ್ಣಗೆ... ಥೂ, ಬರೆಯೋಕೂ ಕೈ ಬರಲ್ಲ. ಗೋಡೆಗೆ ಕಿವಿ ಇಟ್ಟೆ. ಅಡಿಕೋಲಿನಿಂದ ಕುಟ್ಟಿದೆ. ಉತ್ತರ ಇಲ್ಲ. ಯಾರು ದೊಡ್ಡೋರು, ಯಾರು ಮೊದಲು, ಒಂದೂ ನೆನಪಾಗಲಿಲ್ಲ. ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕ್ಕೊಂಡು ಓಡಿಹೋಗಿ ಎರಡೂ ಕೈಯಿಂದ ಬಾಗಿಲು ಬಡಿದೆ. ಎದುರುಮನೆ ಮೇಷ್ಟ್ರು ಮುಖಕ್ಕೆ ಸೋಪು ಹಚ್ಕೊಂಡೇ ಹೊರಗೆ ಬಂದ್ರು.

ಬಾಗಿಲು ತೆಗೀತು. ನಿನ್ನಮ್ಮ! ಕೈಯಲ್ಲಿ ಹಳೇ ಪೇಪರು, ಕಂಕುಳಲ್ಲಿ ಒಂದು ತಟ್ಟೆ, ಎರಡೂ ಕಿವಿಗೆ ಮಫ್ಲರ್ ಬಿಗಿದಿದ್ದಾಳೆ. ಹಿಂದೆ ರಟ್ಟಿನ ಪೆಟ್ಟಿಗೆಗಳ ಗುಡ್ಡ. ಓವನ್ನನ್ನ ನಿನ್ನೆ ಸಂಜೆಯೇ ಕೆಳಗಿನ ಅಂಗಡಿಯವನಿಗೆ ಕೊಟ್ಟಾಗಿದೆ.

"ಏನಕ್ಕಾ?" ಅಂದಳು. ಮೂರು ವರ್ಷ ಆದ ಮೇಲೆ ಅದೇ ಮೊದಲ ಮಾತು.

ನನಗೆ ಬಾಯಿಗೆ ಬಂದಿದ್ದು, "ಯಾಕೆ ಒಂಬತ್ತಿದೆ?"

"ಏನು ಒಂಬತ್ತು?"

"ನಿನ್ನ ಅಡುಗೆಮನೆ! ಯಾಕೆ ಒಂಬತ್ತು ಡಿಗ್ರಿ ಇದೆ?"

ಅವಳು ನನ್ನ ಮುಖ ನೋಡಿದಳು, ನನ್ನ ಕಾಲು ನೋಡಿದಳು. "ಪೆಟ್ಟಿಗೆ ಕಟ್ಟುವಾಗ ಆ ಗಡಿಯಾರದ ಪುಸ್ತಕ ಸಿಕ್ತು. ಓದಿದೆ. ಸೆನ್ಸರನ್ನ ಹೊರಗಡೆ ಇಡಬೇಕಂತೆ. ರಾತ್ರಿ ಬಾಲ್ಕನೀಲಿಟ್ಟೆ" ಅಂದಳು. ಆಮೇಲೆ ನಿಧಾನವಾಗಿ, "ನಿನಗೆ ಹೇಗೆ ಗೊತ್ತಾಯ್ತು?"

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನನ್ನ ಪಾಡು. ಎಲ್ಲ ಒದರಿಬಿಟ್ಟೆ. ನಂಬರು, ಚಹಾ, ಮಧ್ಯಾಹ್ನದ ತಣ್ಣನೆ ಊಟ. "ಅಂದ್ರೆ ನಾನು ಒಲೆ ಹಚ್ಚೋದನ್ನ ನೀನು ಮಲಗಿ ಸಿನಿಮಾ ನೋಡ್ತಿದ್ಯಾ!" ಅಂತ ಪೆಟ್ಟಿಗೆ ಮೇಲೆ ಕುಸಿದು ನಗೋಕೆ ಶುರು ಮಾಡಿದಳು. ಪೆಟ್ಟಿಗೆ ಒಳಗೆ ಏನೋ ಲಟಕ್ ಅಂತು. ನಾನೂ ನಕ್ಕೆ. ಮೇಷ್ಟ್ರು ತಲೆ ಚಚ್ಕೊಂಡು ಒಳಗೆ ಹೋದ್ರು.

ಅವಳ ಒಲೇನೂ ಪೆಟ್ಟಿಗೆ ಸೇರಿತ್ತು, ನನ್ನ ಕಡೆಗೆ ಕರ್ಕೊಂಡು ಬಂದೆ. ಚಹಾ ಮಾಡಿದೆ. ಅವಳು ಕಾಲು ಚಾಚಿ ನನ್ನ ಮಷೀನಿನ ಸ್ಟೂಲ್ ಮೇಲಿಟ್ಟುಕೊಂಡಳು. ಮಂಡಿ ಎಷ್ಟು ಊದಿದೆ ಗುಬ್ಬಿ! ನೀನು ಫೋನಲ್ಲಿ ಕೇಳಿದ್ರೆ ಇಲ್ಲ ಅಂತಾಳೆ, ನಂಬಬೇಡ. ಅವಳು ನಿನ್ನ ಹತ್ತಿರ ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ, ನಾನು ಅಡ್ಡ ಬರಲ್ಲ. ಮಧ್ಯಾಹ್ನ ಇಬ್ಬರೂ ಇಲ್ಲೇ ಊಟ ಮಾಡಿದ್ವಿ. ಉಪ್ಪು ಕಮ್ಮಿ ಅಂದಳು. ಈಗ ನನ್ನ ಹಾಸಿಗೆ ಮೇಲೆ ಮಲಗಿ ಗೊರಕೆ ಹೊಡೀತಿದ್ದಾಳೆ.

ನೀನು ನೂರು ಕಾಲ ಸುಖವಾಗಿರು ಮಗಳೇ. ನೀನು ಕೈ ಹಾಕಿದ ಕೆಲಸ ಯಾವತ್ತೂ ನಿಲ್ಲದಿರಲಿ.

ನಿನ್ನ ದೊಡ್ಡಮ್ಮ

ಕವರ್ ಅಂಟಿಸಿ ಆಗಿತ್ತು, ಮತ್ತೆ ಹರಿದು ಬರೀತಿದ್ದೀನಿ. ಮಂಚ, ಹಾಸಿಗೆ, ಸ್ವೆಟರು ಎಲ್ಲ ಬರೀ ನೆಪ ಕಣೇ. ಅಮ್ಮ ಹೋದ ದಿನ ಬೆಳಗ್ಗೆ ಒಂದು ಗಳಿಗೆ ಕಣ್ಣು ಬಿಟ್ಟಳು. ಎಷ್ಟೋ ದಿನದಿಂದ ಮಾತೇ ಇಲ್ಲದವಳು, ಸ್ಪಷ್ಟವಾಗಿ ನಿನ್ನಮ್ಮನ ಹೆಸರು ಹಿಡಿದು ಕರೆದಳು. ನಿನ್ನಮ್ಮ ಆಗಿನ್ನೂ ಇಲ್ಲಿಗೆ ಬರೋ ಬಸ್ಸಿನಲ್ಲಿದ್ದಳು. ಅಮ್ಮನ ಕೈ ನನ್ನ ಕೈಯಲ್ಲಿತ್ತು. ಅಷ್ಟು ಸೇವೆ ಮಾಡಿದ ನನ್ನ ಹೆಸರು ಕೊನೆಗೂ ಅವಳ ಬಾಯಲ್ಲಿ ಬರಲಿಲ್ಲ. ಅದೇ ನನ್ನನ್ನ ಈ ಮೂರು ವರ್ಷ ಸುಟ್ಟಿದ್ದು. ಇವತ್ತು ಊಟ ಆದ ಮೇಲೆ ಅದನ್ನ ನಿನ್ನಮ್ಮನಿಗೆ ಹೇಳಿದೆ. ಬಹಳ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸ್ಕೊಂಡು ನನಗೇ ಬೈದಳು: "ದಡ್ಡಿ, ಪಕ್ಕದಲ್ಲಿ ಕೈ ಹಿಡ್ಕೊಂಡು ಕೂತಿರೋಳನ್ನ ಯಾರಾದ್ರೂ ಕೂಗಿ ಕರೀತಾರೇನೇ? ಇನ್ನೂ ಬರದೇ ಇದ್ದವಳು ನಾನು, ಅದಕ್ಕೆ ನನ್ನನ್ನ ಕರೆದಳು." ಈ ಭಾನುವಾರ ಬರಬೇಡ ತಾಯಿ. ಇನ್ನೊಂದು ವಾರ ಬಿಟ್ಟು ಬಾ. ನಾವಿಬ್ಬರೂ ಅಮ್ಮನಿಗೋಸ್ಕರ ಒಟ್ಟಿಗೆ ಇನ್ನೂ ಅತ್ತೇ ಇಲ್ಲ, ಇವತ್ತಷ್ಟೇ ಶುರು ಮಾಡಿದ್ದೀವಿ.