ಇಲ್ಲದ ಸೆರಗು

ಕೊಂಡಾಪುರ, ಸೋಮವಾರ

ಸಿಸ್ಟರ್ ಕಮಲಾಕ್ಷಿ ಅವರಿಗೆ,

ನಮಸ್ಕಾರ. ನಿಮ್ಮ ವೃದ್ಧಾಶ್ರಮದಲ್ಲಿ ಅವ್ವ ಎರಡು ಸಲ ಬಿದ್ದದ್ದಕ್ಕೆ ನೆಲವನ್ನು ದೂರಬೇಡಿ. ಗಂಡಸರು ಒಳಗೆ ಬಂದರೆ ಎದ್ದು ನಿಂತು ತಲೆ ಮೇಲೆ ಸೆರಗು ಹೊದೆಯುವುದು ನಮ್ಮ ಕಲಬುರಗಿ ಕಡೆಯ ರೂಢಿ. ಎಡವದಿರಲೆಂದು ನೀವು ಸೀರೆ ಬಿಡಿಸಿ ನೈಟಿ ತೊಡಿಸಿದಿರಿ. ಈಗ ಡಾಕ್ಟರು ಬಂದಾಗ ಆಕೆ ವಾಕರ್ ಬಿಟ್ಟು, ಎರಡೂ ಕೈಯಿಂದ ಇಲ್ಲದ ಸೆರಗು ಹುಡುಕುತ್ತಾಳೆ.

ಬೆಳಿಗ್ಗೆಯೇ ತಲೆಗೆ ಓಢಣಿ ಹೊದಿಸಿಬಿಡಿ. ಹತ್ತಿಯದನ್ನು ಕಳಿಸಿದ್ದೇನೆ, ಜಾರುವುದಿಲ್ಲ.

ಭಾನುವಾರ ನಾನು ಬರುವ ಮುಂಚೆಯೂ ಮರೆಯಬೇಡಿ. ಮಗನ ಮುಂದೆ ಅವ್ವ ಎಂದೂ ತಲೆ ಮುಚ್ಚಿದವಳಲ್ಲ. ನಿನ್ನೆ ನನ್ನನ್ನು ಕಂಡು ವಾಕರ್ ಬಿಟ್ಟಳು. ಓಡಿಹೋಗಿ ಹಿಡಿದುಕೊಂಡೆ.

“ಕೂಡ್ರಿ, ನನ ಮಗ ಬರೋ ಹೊತ್ತಾಗ್ಯದ” ಅಂದಳು.

ಭೇಟಿಯ ಸಮಯ ಮುಗಿಯುವವರೆಗೂ ಕೂತಿದ್ದೆ.

ಇಂತಿ,
ಮಲ್ಲಣ್ಣ